ಏಳನೇ ನಂಬರಿನ ಹೊದಿಕೆ

ಜೂನ್ 4, ಬೆಳಿಗ್ಗೆ 9.20

ಮತ್ತೆ ರೌಂಡ್ಸ್. ಮೇಲೆ ಬೀದಿಯಿಂದ ಬಂದವರಿಗೆ ಹನ್ನೆರಡು ರೂಮು, ಕೆಳಗೆ ಮಾನಸಿಕ ಕಾಯಿಲೆಯ ಕ್ಲಿನಿಕ್. ಎಲ್ಲರೂ ಚಹಾಕ್ಕೆ, ಮಾತ್ರೆಗೆ ಕೆಳಗಿಳಿದಾಗ ನಾನು ಮಾಸ್ಟರ್ ಕೀ ಹಿಡಿದು ಮೇಲೆ. ನಲ್ಲಿ ಸೋರುತ್ತಿದೆಯೇ, ಬಲ್ಬ್ ಹೋಗಿದೆಯೇ — ಟಿಕ್, ಟಿಕ್. ಫಸ್ಟ್ ಇಯರ್ ಸೋಷಿಯಲ್ ವರ್ಕ್ ವಿದ್ಯಾರ್ಥಿನಿಯ ಟ್ರೇನಿಂಗ್ ಎಂದರೆ ಇಷ್ಟೇ. ಆದರೂ ಟಿಕ್ ತಪ್ಪಿ ಫೇಲ್ ಆದರೆ?

ಏಳನೇ ನಂಬರಿಗೆ ಹೊಸಬರು ಬಂದಿದ್ದಾರೆ. ಎಂಟು ವರ್ಷ ಫ್ಲೈಓವರ್ ಕೆಳಗೆ ಇದ್ದವರು. ಬಿಸಿಲಲ್ಲೂ ಕೋಟು ಬಿಚ್ಚುವುದಿಲ್ಲ, ಹಾಗಾಗಿ ಕೋಟು ತಾತ. ಬೇರೆ ಕಡೆ ಮೊದಲು ವಾಸಿಯಾಗು, ಆಮೇಲೆ ರೂಮು ಎನ್ನುತ್ತಾರಂತೆ. ಇಲ್ಲಿ ಬಂದ ದಿನವೇ ಬೀಗದ ಕೈ, ಮೆಟ್ಟಿಲಿಳಿದರೆ ಡಾಕ್ಟರು. ತಾತ ಕೀ ತಿರುಗಿಸಿ ತಿರುಗಿಸಿ ನೋಡಿ, ವಾಪಸ್ ಯಾವಾಗ ಕೊಡಬೇಕು ಎಂದು ಕೇಳಿದರು.

ಜೂನ್ 6

ಏಳರಲ್ಲಿ ಹೊದಿಕೆ ನೆಲದ ಮೇಲೆ, ಚಪ್ಪಲಿ ಒಂದು ಪೂರ್ವ ಒಂದು ಪಶ್ಚಿಮ. ನಿನ್ನೆಯ ಹಾಗೆ ಇವತ್ತೂ ಸರಿಮಾಡಿ ಬಂದೆ. ಐದನೇ ಕ್ಲಾಸಿನಿಂದ ಹಾಸ್ಟೆಲ್ — ಹೊದಿಕೆಯ ನಾಲ್ಕು ಮೂಲೆ ಒಂದರ ಮೇಲೊಂದು ಕೂರದಿದ್ದರೆ ವಾರ್ಡನ್ ತಿಂಡಿಗೆ ಬಿಡುತ್ತಿರಲಿಲ್ಲ. ಈಗಲೂ ಕೈ ತಾನಾಗಿ ಮಡಚಿಬಿಡುತ್ತದೆ.

ಜೂನ್ 11

ತಾತ ರೂಮಲ್ಲಿ ಮಲಗುತ್ತಿಲ್ಲವಂತೆ. ಮೂರು ದಿನದಿಂದ ಮೇಲಿನ ಕಾರಿಡಾರಿನ ಬೆಂಚೇ ಹಾಸಿಗೆ. ಹಾಸಿಗೆ ಮೆತ್ತಗಾಯಿತೇನೋ ಎಂದರು ನರ್ಸ್ ಅಕ್ಕ. ಗಾಡಿಗಳ ಸದ್ದಿಲ್ಲದೆ ನಿದ್ದೆ ಹತ್ತುತ್ತಿಲ್ಲ ಎಂದ ವಾಚ್‌ಮನ್. ನನ್ನನ್ನು ಯಾರೂ ಕೇಳಲಿಲ್ಲ. ಸದ್ಯ.

ಜೂನ್ 13, ಸಂಜೆ 5

ಸೀರಿಯಸ್. ರೂಮಿಗೆ ಯಾರೋ ಬಂದು ಹೋಗುತ್ತಾರೆ, ಚಪ್ಪಲಿ ಕೂಡ ಜೋಡಿಸಿಡುತ್ತಾರೆ ಎಂದು ತಾತ ನರ್ಸ್ ಅಕ್ಕನ ಹತ್ತಿರ ಹೇಳಿದ್ದಾರೆ. ಹಿಂದೆ ಅವರಿಗೆ ಇಲ್ಲದವರ ದನಿ ಕೇಳುತ್ತಿತ್ತು. ಮತ್ತೆ ಶುರುವಾಯಿತೇ ಎಂದು ಡಾಕ್ಟರ ಮುಖ ಸಪ್ಪೆ. ಸೋಮವಾರ ಮೀಟಿಂಗ್. ಹೌದು ಎಂದಾದರೆ ತಾತ ದೊಡ್ಡಾಸ್ಪತ್ರೆಗೆ, ರೂಮು ಲಿಸ್ಟಿನಲ್ಲಿ ಮುಂದಿರುವವರಿಗೆ.

ಪಾಪ. ನಾಳೆ ಅವರ ರೂಮನ್ನು ಇನ್ನೂ ಚೊಕ್ಕಟ ಮಾಡಿಡಬೇಕು.

ಜೂನ್ 16, ಬೆಳಿಗ್ಗೆ 10.40, ಕ್ಲಿನಿಕ್ಕಿನ ಬಾತ್‌ರೂಮು

ಮೀಟಿಂಗ್‌ಗೆ ಇಪ್ಪತ್ತು ನಿಮಿಷ. ಈಗಷ್ಟೇ ಬೆಂಚಿನ ಹತ್ತಿರ ಕೂತು ತಾತನನ್ನೇ ಕೇಳಿದೆ, ಒಳಗೆ ಯಾಕೆ ಮಲಗುವುದಿಲ್ಲ ಅಂತ.

"ಅದು ಬೇರೆ ಯಾರದೋ ರೂಮು ಕಣಮ್ಮ. ದಿನಾ ಬಂದು ಹೊದಿಕೆ ಮಡಚಿಟ್ಟು ಹೋಗ್ತಾರೆ, ನಾಲ್ಕು ಮೂಲೆ ಸರಿಯಾಗಿ. ಅವರು ಬಂದಾಗ ನಾನು ಬಿದ್ಕೊಂಡಿದ್ರೆ ಏನಂದ್ಕೊಳ್ತಾರೆ?"

ನಾಲ್ಕು ಮೂಲೆ.

ಅಯ್ಯೋ. ನಾನೇ.

ಹೇಳಿದರೆ ನಾನು ಫೇಲ್. ಹೇಳದಿದ್ದರೆ ತಾತ ಆಸ್ಪತ್ರೆಗೆ. ಅಮ್ಮನಿಗೆ ಫೋನ್ ಮಾಡಲೇ? ಬೇಡ, ಅತ್ತುಬಿಡುತ್ತೇನೆ…

ಅದೇ ದಿನ, ಮಧ್ಯಾಹ್ನ 2

ಹೇಳಿದೆ. ಹಾಸ್ಟೆಲ್ ಅಸೆಂಬ್ಲಿಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತು ಹೇಳಿದೆ. ಡಾಕ್ಟರು ಪೆನ್ ತೆಗೆದು ಫೈಲಿನಲ್ಲಿ ಒಂದು ಸಾಲು ಹೊಡೆದುಹಾಕಿ, ಪೇಷಂಟ್ ಹೇಳಿದ್ದು ನಿಜ ಎಂದು ಬರೆದರು. ನರ್ಸ್ ಅಕ್ಕ ಮೇಜಿಗೆ ತಲೆಯಿಟ್ಟು ನಕ್ಕರು. ನನಗೆ ಮಾರ್ಕ್ಸ್ ಹಾಕುವ ಮೇಡಂ ನಗಲಿಲ್ಲ. ಮಾಸ್ಟರ್ ಕೀ ವಾಪಸ್ ತಗೊಂಡರು. ಇನ್ನು ಮುಂದೆ ಯಾರೇ ಆಗಲಿ, ಬಾಗಿಲು ತಟ್ಟಿ, ಒಳಗಿನವರು ತೆಗೆದರೆ ಮಾತ್ರ. ಫೇಲ್ ಮಾಡುತ್ತೀರಾ ಎಂದು ಕೇಳಿಯೇಬಿಟ್ಟೆ. ಮೊದಲು ಹೋಗಿ ಅವರಿಗೆ ಹೇಳು ಎಂದರು.

ತಾತನಿಗೆ ಎಲ್ಲ ಹೇಳಿದೆ, ವಾರ್ಡನ್, ತಿಂಡಿ ಎಲ್ಲ. ಬೈಯುತ್ತಾರೆಂದು ಕಾದೆ.

"ನಿನ್ನನ್ನ ಅಷ್ಟೊಂದು ಹೆದರಿಸಿಟ್ಟಿದ್ದಾರಲ್ಲ ಮಗಾ," ಎಂದರು. "ಅಂದ್ರೆ ಆ ರೂಮು ನಂದೇನಾ?"

ಜೂನ್ 24, ಬೆಳಿಗ್ಗೆ 9.15

ಬರೆಯಲು ಪುರುಸೊತ್ತಿರಲಿಲ್ಲ. ಬೆಂಚು ಐದು ದಿನದಿಂದ ಖಾಲಿ. ನನ್ನ ಹೆಸರು ಈಗ ವಾರ್ಡನಮ್ಮ. ನರ್ಸ್ ಅಕ್ಕನ ಕೊಡುಗೆ.

ಏಳರ ಬಾಗಿಲು ತಟ್ಟಿದೆ. ತಾತ, ನಾನೇ, ಬಲ್ಬ್ ನೋಡಬೇಕಿತ್ತು ಎಂದೆ. ಮಂಚ ಕಿರುಗುಟ್ಟಿತು.

"ಮಲಗಿದೀನಿ. ಆಮೇಲೆ ಬಾ."

ಎಂಥ ಗತ್ತು! ಮನೆ ಯಜಮಾನರ ದನಿ.

ಅವರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಹೊದಿಕೆ ಯಾವ ಅವತಾರದಲ್ಲಿದೆಯೋ. ಕೈ ತುರಿಸುತ್ತಿದೆ. ಇವತ್ತು ಹಾಸ್ಟೆಲಿನಲ್ಲಿ ನನ್ನ ಹೊದಿಕೆಯನ್ನೂ ಹಾಗೇ ಬಿಟ್ಟು ಬಂದೆ, ಬೇಕೆಂದೇ. ಬೆಳಿಗ್ಗೆಯಿಂದ ಅದೇ ಯೋಚನೆ. ಆದರೂ ತಿಂಡಿ ಸಿಕ್ಕಿತು.

ಏಳರ ಬಾಗಿಲು ತೆರೆಯಿತು. ತಾತ. ಮೈಮೇಲೆ ಕೋಟಿಲ್ಲ —