ಗಾಳಿಗೆ ಕೊಟ್ಟ ಕೈ

ಲೂಯಿವಿಲ್, ಜೂನ್ ೧೯

ತಂಡದ ಮಾಲಕಿ, ಮಾನ್ಯ ಶ್ರೀಮತಿ ಹಾಲೊರನ್ ಅವರಿಗೆ,

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಡೇಶಾನ್ ಪೆಟ್ವೇಗೆ ನಿಯಮ ಒಪ್ಪುವಷ್ಟೂ ಹಣ ಕೊಟ್ಟು ಐದು ವರ್ಷಕ್ಕೆ ಗರಿಷ್ಠ ಒಪ್ಪಂದ ಮಾಡಿಕೊಳ್ಳಬಹುದೇ ಎಂದು ಕೇಳಿದ್ದಿರಿ. “ಹುಡುಗ ಕೈ ಕೊಡಲ್ಲ ತಾನೇ? ಹೌದು, ಇಲ್ಲ, ಅಷ್ಟೇ ಹೇಳಿ” ಎಂದಿದ್ದಿರಿ. ಅಂದಿನಿಂದ ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೇನೆ.

ಸ್ವಲ್ಪ ಕಮ್ಮಿಗೆ ಒಪ್ಪುತ್ತೀಯಾ ಎಂದು ಅವನನ್ನೇ ಕೇಳಿದೆ. “ನಂಗೇನೋ ಸಾಕು ಸರ್. ಆದ್ರೆ ಲಾಕರ್ ರೂಮಲ್ಲಿ ನನ್ನ ಹೆಸರೇ ‘ಸ್ವಲ್ಪ ಕಮ್ಮಿ’ ಅಂತಾಗೋಗುತ್ತೆ” ಎಂದ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಕೊನೆಯ ಪಂದ್ಯ ನಿಮಗೆ ನೆನಪಿರಬೇಕು. ನಾವು ಒಂದು ಅಂಕ ಹಿಂದಿದ್ದೆವು, ಸಮಯ ಮುಗಿದಿತ್ತು, ಒಂದೊಂದಕ್ಕೆ ಒಂದೊಂದು ಅಂಕದ ಅವನ ಎರಡು ಫ್ರೀ ಥ್ರೋ ಮಾತ್ರ ಬಾಕಿ ಇತ್ತು. ಮೊದಲನೆಯದು ತಪ್ಪಿತು. ತಪ್ಪಿದರೂ ಪಕ್ಕದಲ್ಲಿರುವ ಜೊತೆಗಾರರು ಬಂದು ಅಂಗೈ ತಟ್ಟುವುದು ನಮ್ಮ ಆಟದ ರೂಢಿ. ಆದರೆ ಸಮಯ ಮುಗಿದ ಮೇಲೆ ಎಸೆಯುವವನ ಬಳಿ ಯಾರೂ ನಿಲ್ಲುವುದಿಲ್ಲ. ಅದನ್ನು ಮರೆತು ಅವನು ಎರಡೂ ಬದಿಯ ಗಾಳಿಗೆ ಕೈ ಕೊಟ್ಟ. ಇಡೀ ಸ್ಟೇಡಿಯಂ ನಕ್ಕಿತು. “ಯಾರಿಗೋ ಕೈ ಕೊಟ್ಟೆ, ದೆವ್ವಕ್ಕಾ?” ಎಂದು ಕೋಚ್ ಆಮೇಲೆ ರೇಗಿಸಿದರು. ಎರಡನೆಯದು ಬಿತ್ತು, ಪಂದ್ಯ ಸಮವಾಯಿತು. ಹೆಚ್ಚುವರಿ ಆಟದಲ್ಲಿ ಸೋತೆವು.

ಇದು ಹೌದೋ ಇಲ್ಲವೋ ನನಗೆ ಗೊತ್ತಾಗುತ್ತಿಲ್ಲ. ದಯವಿಟ್ಟು ಈ ತೀರ್ಮಾನವನ್ನು ಬೇರೆ ಯಾರಿಗಾದರೂ ವಹಿಸಿ. ಎಲ್ಲರೂ ನಗುತ್ತಿದ್ದಾಗ, ಮೇಲಿನ ಸಾಲಿನಲ್ಲಿ ಕೂತಿದ್ದ ನಾನು ಅವನತ್ತ ಕೈ ಚಾಚಿಬಿಟ್ಟಿದ್ದೆ.

ನಿಮ್ಮ ವಿಶ್ವಾಸಿ,
ವಾಲ್ಟರ್ ಸ್ಟೆಗ್‌ಮನ್
ಆಟಗಾರರ ಆಯ್ಕೆ ವಿಭಾಗ