ಸದ್ದಿಲ್ಲದ ಪರದೆಯ ಮುಂದೆ ನಿಂತು

ಹೊಸ ಸರ್ಕಾರದ ಪಾರದರ್ಶಕತೆ ಇಲಾಖೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಸಭೆಯಲ್ಲಿ ಮಾತನಾಡುವಾಗ ಬಾಯಿಗೆ ಅಡ್ಡ ಹಿಡಿಯುವ ಕೈಯನ್ನು ದಯವಿಟ್ಟು ತೆಗೆಯಿರಿ. ನಿಮ್ಮ ಕೈ ಎಲ್ಲಿರಬೇಕೆಂದು ಹೇಳಲು ಇವನ್ಯಾರು ಎಂದು ನಿಮಗೆ ಅನ್ನಿಸಬಹುದು. ಹೋದ ವರ್ಷ ಮಗ್ಗದ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೇಲಿನ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದ ಹುಡುಗಿಯರಲ್ಲಿ ಒಬ್ಬಳ ಅಪ್ಪ ನಾನು. ಬಟ್ಟೆ ಕಳುವಾಗುತ್ತದೆಂದು ಹಿಂಬಾಗಿಲಿಗೆ ಬೀಗ ಜಡಿದಿದ್ದರು. ಹಾಗೆ ಜಡಿಯಲು ಒಪ್ಪಿಗೆ ಕೊಟ್ಟವರು ಯಾರೆಂದು ತನಿಖೆ ನಡೆದು ಮುಗಿಯಿತು, ಉತ್ತರವನ್ನು ಮಾತ್ರ ಹಳೆಯ ಸರ್ಕಾರ ನುಂಗಿಕೊಂಡಿತು. ನಾವು ಬಂದರೆ ಎಲ್ಲವನ್ನೂ ಬಯಲಿಗೆ ತರುತ್ತೇವೆ ಎಂದು ನಿಮ್ಮವರು ಬೀದಿಬೀದಿಯಲ್ಲಿ ಹೇಳಿದರು. ನಂಬಿದೆವು. ಬಿಸಿಲಲ್ಲಿ ಸಾಲು ನಿಂತು ಮತ ಹಾಕಿದೆವು.

ನೀವು ಏನೂ ಮಾಡಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಅಧಿಕಾರಕ್ಕೆ ಬಂದ ಕೂಡಲೇ ಕಚೇರಿಯ ಹೊರಗೋಡೆಗೆ ದೊಡ್ಡ ಟೀವಿ ಪರದೆ ಹಾಕಿಸಿದಿರಿ. ಒಳಗೆ ನಡೆಯುವ ಸಭೆಗಳನ್ನು ದಾರಿಹೋಕರೂ ನಿಂತು ನೋಡಬಹುದು. ಯಾರು ಆಕಳಿಸುತ್ತಾರೆ, ಯಾರು ಬಿಸ್ಕತ್ತಿನ ತಟ್ಟೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ, ಎಲ್ಲವೂ ಸ್ಪಷ್ಟ. ಸದ್ದೊಂದೇ ಇಲ್ಲ. ಬಾಗಿಲ ಕಾವಲುಗಾರನನ್ನು ಕೇಳಿದೆ. "ನೋಡೋಕೆ ಬಿಟ್ಟಿದ್ದಾರಲ್ಲ ಯಜಮಾನ್ರೇ, ಅದೇ ದೊಡ್ಡದು. ಕೇಳಿಸೋಕೆ ಇನ್ನೂ ಆದೇಶ ಬಂದಿಲ್ಲ" ಎಂದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಮಾನ್ಯರೇ, ಪರದೆ ಹಾಕಿಸುವಾಗ ಇದು ಯಾರ ಊರು ಎಂದು ನೀವು ಯೋಚಿಸಲಿಲ್ಲ. ಇಲ್ಲಿ ಅರ್ಧ ಊರು ಮಗ್ಗದ ಮುಂದೆ ನಿಂತೇ ಮುದಿಯಾಗಿದೆ. ಮಗ್ಗಗಳು ಓಡುವಾಗ ಪಕ್ಕದವಳು ಕಿವಿಯಲ್ಲಿ ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ನಾವು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇವೆ. ಪಾಳಿಯುದ್ದಕ್ಕೂ ಹರಟೆ, ಜಗಳ, ಮದುವೆ ಮಾತುಕತೆ ಎಲ್ಲವೂ ತುಟಿಯಲ್ಲೇ. ನನ್ನ ಹೆಂಡತಿ ಇದರಲ್ಲಿ ಎತ್ತಿದ ಕೈ. ನಾನು ಬೆನ್ನು ತಿರುಗಿಸಿ ಗೊಣಗಿದರೂ ಕನ್ನಡಿಯಲ್ಲಿ ನೋಡಿ, "ಏನ್ರೀ ಅಂದ್ರಿ? ಈ ಕಡೆ ತಿರುಗಿ ಇನ್ನೊಂದ್ಸಲ ಅನ್ನಿ" ಎನ್ನುವವಳು. ಮಗಳೂ ಅಮ್ಮನಿಂದಲೇ ಕಲಿತಳು. ಊಟಕ್ಕೆ ಕುಳಿತಾಗ ಇಬ್ಬರೂ ನನ್ನೆದುರೇ ಸದ್ದಿಲ್ಲದೆ ನನ್ನನ್ನು ಆಡಿಕೊಂಡು ನಗುತ್ತಿದ್ದರು. ಈಗ ಊಟದ ಹೊತ್ತಿನಲ್ಲಿ ಮನೆ ನಿಜವಾಗಿಯೂ ಸದ್ದಿಲ್ಲದೆ ಇರುತ್ತದೆ.

ಕಾರ್ಖಾನೆಯ ವಿಷಯ ಸಭೆಗೆ ಬಂದ ದಿನ ನಾವಿಬ್ಬರೂ ಪರದೆಯ ಮುಂದೆ ನಿಂತಿದ್ದೆವು. ನೀವು ಪಕ್ಕದವರ ಕಡೆ ವಾಲಿ ಏನೋ ಹೇಳಿದಿರಿ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡು, ಅಕ್ಕಪಕ್ಕದವರಿಗೂ ಕೇಳಿಸುವಂತೆ, ನಿಮ್ಮ ಮಾತನ್ನು ಹಾಗೇ ಒಪ್ಪಿಸಿದಳು: "ಒಪ್ಪಿಗೆ ಕೊಟ್ಟೋರು ಈಗ ನಮ್ಮ ಕಡೆಗೇ ಬಂದಿದ್ದಾರೆ. ಹೆಸರು ಹೇಳಿದ್ರೆ ನಮ್ಗೇ ತಲೆನೋವು. ಸ್ವಲ್ಪ ದಿನ ಹೋಗ್ಲಿ, ಜನ ಮರೀತಾರೆ."

ಅಲ್ಲಿದ್ದವರಲ್ಲಿ ಮಗ್ಗದವರೇ ಹೆಚ್ಚು. ತಲೆಯಾಡಿಸಿದರು, ಅವರೂ ಅದನ್ನೇ ಓದಿದ್ದರು. ಸುದ್ದಿ ನಿಮ್ಮ ತನಕ ಬಂದಿರಬೇಕು. ಮುಂದಿನ ಸಭೆಯಲ್ಲಿ ನಿಮ್ಮ ಕೈ ಬಾಯಿಗೆ ಬಂತು. ಒಬ್ಬರು ಕರವಸ್ತ್ರ ಹಿಡಿದರು, ಇನ್ನೊಬ್ಬರು ಖಾಲಿ ಲೋಟವನ್ನು ತುಟಿಯಿಂದ ಇಳಿಸಲೇ ಇಲ್ಲ. ಇಡೀ ಇಲಾಖೆಗೇ ಒಟ್ಟಿಗೆ ಹಲ್ಲುನೋವು ಬಂದಿದೆಯೇನೋ ಅನ್ನಿಸಿತು. ಹೊರಗೆ ನಿಂತವರು ನಕ್ಕರು, ನಾನೂ ನಕ್ಕೆ. ನನ್ನ ಹೆಂಡತಿ ಮಾತ್ರ ಮೆಟ್ಟಿಲ ಮೇಲೆ ಕುಳಿತು, "ಹಳಬರಾದ್ರೆ ಮುಖಕ್ಕೇ ಬಾಗಿಲು ಹಾಕಿದ್ರು. ಇವರನ್ನ ನಂಬಿದ್ವಲ್ಲ ರೀ" ಎಂದು ಅತ್ತಳು.

ನಿಮ್ಮಲ್ಲಿ ಕೇಳುತ್ತೇನೆ, ನೋಡಲು ಬಿಟ್ಟು ತಿಳಿಯಲು ಬಿಡದಿದ್ದರೆ ಅದು ಯಾವ ಪಾರದರ್ಶಕತೆ? ಆಳುವವರು ಬದಲಾದರು, ಅವರು ಕಾಪಾಡುವ ಮನುಷ್ಯ ಬದಲಾಗಲಿಲ್ಲ ಎಂದರೆ ನಾವು ಬದಲಾಯಿಸಿದ್ದಾದರೂ ಏನನ್ನು? ಜನ ಮರೆಯುತ್ತಾರೆ ಎಂದಿರಿ. ಮರೆಯುವುದು ಹೇಗೆಂದು ನಿಮಗೆ ಗೊತ್ತಿದ್ದರೆ ನಮಗೂ ಹೇಳಿಕೊಡಿ ಸ್ವಾಮಿ, ಎಷ್ಟೋ ಬೆಳಗುಗಳಲ್ಲಿ ನಮಗದು ಬೇಕಾಗಿತ್ತು.

ನನ್ನ ಹೆಂಡತಿ ಇಷ್ಟು ದಿನ ಯಾರ ಹತ್ತಿರವೂ ಹೇಳದ ಒಂದು ಮಾತನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಬೆಂಕಿಯ ದಿನ ಅವಳು ಅಂಗಳದಲ್ಲಿದ್ದಳು. ಮಗಳು ಮೇಲೆ, ಕಂಬಿ ಹಾಕಿದ ಕಿಟಕಿಯ ಮುಚ್ಚಿದ ಗಾಜಿನ ಹಿಂದೆ ಇದ್ದಳು. ಕೆಳಗೆ ನಿಂತವರೆಲ್ಲ ಅವಳು ಕಿರುಚುತ್ತಿದ್ದಾಳೆ ಎಂದುಕೊಂಡರು. ಅವಳು ಕಿರುಚುತ್ತಿರಲಿಲ್ಲ, ಅಮ್ಮನಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಒಂದೇ ಮಾತು ಕೇಳುತ್ತಿದ್ದಳು: "ಅಮ್ಮಾ, ಬೀಗದ ಕೈ ಯಾರ ಹತ್ರ ಇದೆ?"

ಅವಳ ಅಮ್ಮನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಮುಂದಿನ ಸಭೆಯಲ್ಲಿ ಪರದೆಯತ್ತ ಮುಖ ಮಾಡಿ, ಆ ಬೀಗಕ್ಕೆ ಒಪ್ಪಿಗೆ ಕೊಟ್ಟವರ ಹೆಸರನ್ನು ಹೇಳಿ. ಸದ್ದು ಬೇಡ, ಬಾಯಿ ಕಾಣಿಸಿದರೆ ಸಾಕು.

ಇಂತಿ,
ನಿಮ್ಮವರಿಗೆ ಮತ ಹಾಕಿ ಬಂದ ದಿನ ಹೆಂಡತಿಗೆ "ಇನ್ನೇನು, ಗೊತ್ತಾಗಿಬಿಡುತ್ತೆ ಬಿಡು" ಎಂದು ಸಮಾಧಾನ ಹೇಳಿದ್ದ
ಒಬ್ಬ ಮಗ್ಗದ ಕೆಲಸಗಾರ