ನೆಲಮಹಡಿಯ ಬೆಲೆ

ಅಲ್ಮಾಟಿ, ನವೆಂಬರ್ ೧೪

ನನ್ನ ವಿದ್ಯಾರ್ಥಿನಿ ಟೊಗ್ಜಾನ್ ತನ್ನ ಮನೆಬೆಲೆಗಳ ಅಧ್ಯಯನದಿಂದ ಹನ್ನೊಂದು ಮನೆಗಳನ್ನು ಅಳಿಸಲಿ ಎಂದವನು ನಾನೇ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲೂ ನೆಲಮಹಡಿ ಅಗ್ಗ. ಅವಳ ಪಟ್ಟಿಯಲ್ಲಿ ಆ ಹನ್ನೊಂದು ನೆಲಮಹಡಿ ಮನೆಗಳು ಮಾತ್ರ ತುಟ್ಟಿ. ದಾಖಲೆಯ ತಪ್ಪೆಂದುಕೊಂಡೆ. ಅವಳು ಅಳಿಸಲಿಲ್ಲ, ಹನ್ನೊಂದು ಬಾಗಿಲನ್ನೂ ತಟ್ಟಿ ಬಂದಳು.

ಇವತ್ತು ಅವಳ ಪ್ರಬಂಧದ ಮೌಖಿಕ ಪರೀಕ್ಷೆ. ಪರೀಕ್ಷಕ ಸೆರಿಕ್‌ಬೋಲ್ ಅದೇ ಪುಟ ತೆರೆದು ಕೆಣಕಿದರು: "ಏನಮ್ಮಾ, ಕಿಟಕೀಲಿ ಧೂಳು ಬರ್ಲಿ, ಕಳ್ಳ ಬರ್ಲಿ ಅಂತ ಜನ ಜಾಸ್ತಿ ದುಡ್ಡು ಕೊಡ್ತಾರಾ?"

"ವಯಸ್ಸಾದ ತಾಯಿ ಇರೋರು ಕೊಡ್ತಾರೆ, ಸರ್. ಸತ್ತೋರನ್ನ ಮಣ್ಣು ಮಾಡೋ ಮುಂಚೆ ಅಂಗಳದ ಗುಡಾರದಲ್ಲಿ ಮಲಗಿಸ್ತೀವಲ್ಲ, ಐದನೇ ಮಹಡಿಯಿಂದ ಆ ಇಕ್ಕಟ್ಟು ಮೆಟ್ಟಿಲಲ್ಲಿ ಇಳಿಸೋದು ಹೇಗೆ? ಒಬ್ಬ ಅಜ್ಜಿ ಮಗನಿಗೆ ಹೇಳಿದ್ರಂತೆ, 'ನನ್ನ ಮೂಟೆ ಥರ ಇಳಿಸಬೇಡ್ವೋ, ಕೆಳಗಿನ ಮನೇನೇ ತಗೋ' ಅಂತ."

"ನಿಮ್ಮ ಗುರುಗಳು ಚೆನ್ನಾಗಿ ಕಲಿಸಿದಾರೆ," ಎಂದು ಸೆರಿಕ್‌ಬೋಲ್ ಸಹಿ ಹಾಕಿದರು. ಅವಳು ನನ್ನತ್ತ ನೋಡಿದಳು.

ನಾನು ಎದ್ದು ನಿಂತು, ಅಳಿಸೆಂದವನು ನಾನು ಎಂದೆ. ನಾಚಿಕೆಯಾಗಬೇಕಿತ್ತು, ಎದೆ ಉಬ್ಬಿತು. ನನ್ನ ಮಾತು ಕೇಳದ ಮೊದಲ ವಿದ್ಯಾರ್ಥಿನಿ ಇವಳು. ಇಪ್ಪತ್ತು ವರ್ಷಗಳಲ್ಲಿ ಉಳಿದವರೆಲ್ಲ ನನ್ನ ಮಾತು ಕೇಳಿ ಏನೇನು ಅಳಿಸಿದರೋ.